ಚಂದಾ ಕಟ್ಟಿ ಆಡುವ ಕಲ್ಪನಾಲೋಕ: ಆನ್‌ಲೈನ್ ಪಾತ್ರಾಭಿನಯ ಆಟಗಳ ವ್ಯಾಪಾರ ಮರ್ಮ

ಇತ್ತೀಚಿನ ವರ್ಷಗಳಲ್ಲಿ ನಮ್ಮ ನಗರದ ಅನೇಕ ಕುಟುಂಬಗಳ ಬ್ಯಾಂಕ್ ಖಾತೆಯ ವಿವರಗಳಲ್ಲಿ ಹೊಸದೊಂದು ಬಾಬತ್ತು ಕಾಣಿಸಿಕೊಳ್ಳುತ್ತಿದೆ. ಪ್ರತಿ ತಿಂಗಳು ನಿಗದಿತ ದಿನದಂದು ನಿಗದಿತ ಮೊತ್ತವೊಂದು ತಾನಾಗಿಯೇ ಕಡಿತವಾಗಿ ಯಾವುದೋ ಪರದೇಶದ ಕಂಪನಿಗೆ ಸಂದಾಯವಾಗುತ್ತದೆ. ವಿಚಾರಿಸಿದರೆ ಮಕ್ಕಳಿಂದ ಬರುವ ಉತ್ತರ, "ಅದು ಆಟದ ಚಂದಾ" ಎಂಬುದು. ಮನೆಗೆ ಸರಕು ಬಂದಿಲ್ಲ, ಗೆದ್ದವರಿಗೆ ಹಣವೂ ಇಲ್ಲ. ಹಾಗಾದರೆ ಈ ಹಣ ಯಾವುದಕ್ಕೆ? ಇದೂ ಒಂದು ಬಗೆಯ ಜೂಜೇ? ವ್ಯಾಪಾರಸ್ಥ ಬಾಂಧವರ ಮನಸ್ಸಿನಲ್ಲಿ ಸಹಜವಾಗಿ ಏಳುವ ಈ ಎರಡು ಪ್ರಶ್ನೆಗಳಿಗೆ ಉತ್ತರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜೊತೆಗೆ, ಕಣ್ಣಿಗೆ ಕಾಣದ ವಸ್ತುವೊಂದನ್ನು ತಿಂಗಳು ತಿಂಗಳು ಮಾರುವ ಈ ಉದ್ಯಮದಿಂದ ಸಣ್ಣ ಉದ್ದಿಮೆದಾರರು ಕಲಿಯಬಹುದಾದ ಕೆಲವು ಸಂಗತಿಗಳೂ ಇವೆ.

ಚಂದಾ ಪದ್ಧತಿ ಹೊಸದಲ್ಲ

ಒಂದು ಸಲ ಬೆಲೆ ಕೊಟ್ಟು ವಸ್ತುವನ್ನು ಒಯ್ಯುವುದು ಮಾರಾಟದ ಒಂದು ವಿಧಾನವಾದರೆ, ನಿಯಮಿತವಾಗಿ ಹಣ ಕೊಟ್ಟು ನಿರಂತರ ಸೇವೆ ಪಡೆಯುವುದು ಇನ್ನೊಂದು. ಎರಡನೆಯದು ನಮ್ಮ ಭಾಗಕ್ಕೆ ಅಪರಿಚಿತವೇನಲ್ಲ. ಹಳ್ಳಿಗಳಲ್ಲಿದ್ದ ಆಯದ ಪದ್ಧತಿಯನ್ನು ಹಿರಿಯರು ಬಲ್ಲರು. ಕಂಬಾರ ಹಾಗೂ ಬಡಿಗ ವರ್ಷವಿಡೀ ರೈತನ ಕುಳ, ಕೂರಿಗೆ, ಕುಂಟೆಗಳನ್ನು ದುರಸ್ತಿ ಮಾಡಿಕೊಡುತ್ತಿದ್ದರು. ಪ್ರತಿ ಕೆಲಸಕ್ಕೂ ಕೂಲಿ ಕೇಳದೆ ಸುಗ್ಗಿಯ ಕಾಲದಲ್ಲಿ ಕಣದಿಂದ ಜೋಳದ ಆಯ ಪಡೆಯುತ್ತಿದ್ದರು. ರೈತನಿಗೆ ದುರಸ್ತಿಯ ಚಿಂತೆ ಇರಲಿಲ್ಲ. ಕಸುಬುದಾರನಿಗೆ ವರುಷದ ಕಾಳಿನ ಭರವಸೆ ಇತ್ತು.

ಕಥೆಗೆ ಚಂದಾ ಕಟ್ಟುವುದೂ ಹೊಸದಲ್ಲ. 1949ರಲ್ಲಿ ಕನ್ನಡದಲ್ಲಿ ಆರಂಭವಾದ 'ಚಂದಮಾಮ' ಮಾಸಪತ್ರಿಕೆಯ ಬೇತಾಳನ ಕಥೆಗಳನ್ನು ಓದಿ ಬೆಳೆದವರು ನಮ್ಮ ಸದಸ್ಯರಲ್ಲಿಯೇ ಅನೇಕರಿದ್ದಾರೆ. ರಾಜನು ಮೌನ ಮುರಿದೊಡನೆ ಬೇತಾಳ ಮರಳಿ ಮರವೇರುತ್ತಿತ್ತು. ಓದುಗ ಮುಂದಿನ ತಿಂಗಳ ಸಂಚಿಕೆಗೆ ಕಾಯುತ್ತಿದ್ದ. ಇಂದಿನ ಚಂದಾ ಆಟಗಳ ಆಕರ್ಷಣೆಯ ಮೂಲವೂ ಇದೇ ಆಗಿದೆ. ವ್ಯತ್ಯಾಸವೆಂದರೆ, ಇಲ್ಲಿ ಓದುಗ ಸ್ವತಃ ಕಥೆಯೊಳಗೆ ಪ್ರವೇಶಿಸುತ್ತಾನೆ.

ಆಟದ ಸ್ವರೂಪ

ಈ ಆಟಗಳನ್ನು ಬಹುಜನ ಆನ್‌ಲೈನ್ ಪಾತ್ರಾಭಿನಯ ಆಟಗಳೆಂದು ಕರೆಯಬಹುದು. ಕಂಪನಿಯು ತನ್ನ ಬೃಹತ್ ಗಣಕಯಂತ್ರಗಳಲ್ಲಿ ಒಂದು ಕಲ್ಪಿತ ಜಗತ್ತನ್ನು ನಡೆಸುತ್ತದೆ. ಅಲ್ಲಿ ಪಟ್ಟಣಗಳು, ಅಡವಿಗಳು, ಸಂತೆಗಳು, ರಾಕ್ಷಸರು, ಮಾಂತ್ರಿಕರು ಎಲ್ಲವೂ ಇರುತ್ತವೆ. ಆಟಗಾರನು ಯೋಧ, ವೈದ್ಯ, ಮಾಂತ್ರಿಕ ಮುಂತಾದ ಪಾತ್ರವೊಂದನ್ನು ಆರಿಸಿಕೊಂಡು, ಅಂತರ್ಜಾಲದ ಮೂಲಕ ಸಾವಿರಾರು ಇತರ ಆಟಗಾರರೊಡನೆ ಅದೇ ಜಗತ್ತಿನಲ್ಲಿ ಸಂಚರಿಸುತ್ತಾನೆ. ಅವನು ಗಣಕಯಂತ್ರ ಬಂದ್ ಮಾಡಿ ಮಲಗಿದರೂ ಆ ಜಗತ್ತು ನಡೆಯುತ್ತಲೇ ಇರುತ್ತದೆ. ಅದನ್ನು ಹಗಲಿರುಳು ನಡೆಸಲು, ದುರಸ್ತಿ ಮಾಡಲು, ಹೊಸ ಅಧ್ಯಾಯ ಸೇರಿಸಲು ತಗಲುವ ವೆಚ್ಚವೇ ಮಾಸಿಕ ಚಂದಾಕ್ಕೆ ಕಾರಣ.

ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು 1978ರಲ್ಲಿ ಆರಂಭಿಸಿದ 'ಮಡ್' ಎಂಬ ಆಟದಲ್ಲಿ ಚಿತ್ರಗಳೇ ಇರಲಿಲ್ಲ, ಎಲ್ಲವೂ ಅಕ್ಷರಗಳಲ್ಲಿತ್ತು. ತಿಂಗಳ ಚಂದಾದ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ನೆಲೆಗೊಳಿಸಿದ್ದು 1997ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ 'ಅಲ್ಟಿಮಾ ಆನ್‌ಲೈನ್'. ಅದರ ಚಂದಾ ತಿಂಗಳಿಗೆ 9.95 ಡಾಲರ್. 1999ರಲ್ಲಿ 'ಎವರ್‌ಕ್ವೆಸ್ಟ್', 2004ರ ನವೆಂಬರ್‌ನಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಬಂದವು. 2010ರ ಅಕ್ಟೋಬರ್‌ನಲ್ಲಿ ವಾರ್‌ಕ್ರಾಫ್ಟಿನ ಚಂದಾದಾರರ ಸಂಖ್ಯೆ 1 ಕೋಟಿ 20 ಲಕ್ಷ ದಾಟಿದೆಯೆಂದು ಕಂಪನಿ ಪ್ರಕಟಿಸಿತು. ಅಮೆರಿಕೆಯಲ್ಲಿ ತಿಂಗಳಿಗೆ 14.99 ಡಾಲರ್ ವಸೂಲು ಮಾಡುತ್ತಿದ್ದ ಅದೇ ಆಟವನ್ನು ಚೀನಾದಲ್ಲಿ ಗಂಟೆಯ ಲೆಕ್ಕದ ಮುಂಗಡ ಕಾರ್ಡುಗಳ ಮೂಲಕ ಮಾರಲಾಯಿತು. ಪೇಟೆ ನೋಡಿ ದರದ ರೂಪ ಬದಲಿಸಬೇಕೆಂಬ ಹಳೆಯ ವ್ಯಾಪಾರ ನೀತಿಯೇ ಇದು. ಭಾರತದಲ್ಲಿಯೂ 2000ರ ದಶಕದ ಮಧ್ಯಭಾಗದಲ್ಲಿ ಕೊರಿಯಾ ಮೂಲದ 'ರಾಗ್ನರಾಕ್ ಆನ್‌ಲೈನ್' ಆಟ ಸೈಬರ್ ಕೆಫೆಗಳ ಮೂಲಕ ಯುವಕರಿಗೆ ಪರಿಚಯವಾಗಿತ್ತು.

ಕಲ್ಪಿತ ಪುರಾಣದ ಬೆಲೆ

ಈ ಜಗತ್ತುಗಳಿಗೆ ಜೀವ ಕೊಡುವುದು ಅವುಗಳ ಹಿನ್ನೆಲೆಯ ಪುರಾಣ. ಯಾವ ರಾಜ್ಯವನ್ನು ಯಾರು ಕಟ್ಟಿದರು, ಯಾವ ಕುಲಕ್ಕೂ ಯಾವ ಕುಲಕ್ಕೂ ವೈರ, ಪಾಳುಬಿದ್ದ ಕೋಟೆಯೊಂದರ ಹಿಂದಿನ ದುರಂತವೇನು ಎಂಬುದನ್ನೆಲ್ಲ ಬರೆಯಲು ಕಂಪನಿಗಳು ಸಂಬಳ ಕೊಟ್ಟು ಲೇಖಕರನ್ನು ನೇಮಿಸಿಕೊಳ್ಳುತ್ತವೆ. ಇಂತಹ ಕಲ್ಪಿತ ಲೋಕಕ್ಕೆ ಭಾಷೆ, ಭೂಪಟ, ವಂಶಾವಳಿಗಳನ್ನು ಕೊಟ್ಟು ಮಾದರಿ ಹಾಕಿದವರಲ್ಲಿ ಇಂಗ್ಲೆಂಡಿನ ಪ್ರಾಧ್ಯಾಪಕ ಜೆ. ಆರ್. ಆರ್. ಟೋಲ್ಕಿನ್ ಮುಖ್ಯರು. ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954 ಹಾಗೂ 1955ರಲ್ಲಿ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಬಂದಿತು. ಇಂದಿನ ಆಟಗಳು ಈ ಎರಡರ ಸಂತಾನವೆನ್ನಬಹುದು.

ಪುರಾಣದಿಂದ ವಸ್ತುವಿನ ಬೆಲೆ ಹೇಗೆ ಹೆಚ್ಚುತ್ತದೆಂಬುದನ್ನು ತಿಳಿಯಲು ವಿಜಯಪುರದವರು ದೂರ ಹೋಗಬೇಕಿಲ್ಲ. ಮಲಿಕ್-ಎ-ಮೈದಾನ್ ತೋಪು ಲೋಹದ ಲೆಕ್ಕದಲ್ಲಿ ಸುಮಾರು 55 ಟನ್ ತೂಕದ ಎರಕ. ಆದರೆ 1549ರಲ್ಲಿ ಅಹ್ಮದನಗರದಲ್ಲಿ ಎರಕಗೊಂಡು ಇಲ್ಲಿಗೆ ಬಂದ ಬಗೆ, ಆನೆಯನ್ನು ಕಚ್ಚಿ ಹಿಡಿದ ಸಿಂಹದ ಬಾಯಿ, ಬತ್ತಿ ಹಚ್ಚಿದ ಗೋಲಂದಾಜ ಶಬ್ದಕ್ಕೆ ಹೆದರಿ ನೀರಿಗೆ ಧುಮುಕುತ್ತಿದ್ದನೆಂಬ ಜನರ ಮಾತು, ಇವೆಲ್ಲ ಸೇರಿಯೇ ಪ್ರವಾಸಿಗನನ್ನು ಬುರುಜಿನ ಮೆಟ್ಟಿಲು ಹತ್ತಿಸುತ್ತವೆ. ಬಾರಾಕಮಾನ್ ಪೂರ್ಣಗೊಂಡಿದ್ದರೆ ಅದರ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತಿತ್ತೆಂಬ ಐತಿಹ್ಯವೂ ಹೀಗೆಯೇ. ನಮ್ಮಲ್ಲಿ ಶತಮಾನಗಳಲ್ಲಿ ತಾನಾಗಿ ಬೆಳೆದ ಇಂತಹ ಕಥೆಗಳನ್ನು ಆಟದ ಕಂಪನಿಗಳು ಹಣ ಹೂಡಿ ನಾಲ್ಕೈದು ವರ್ಷಗಳಲ್ಲಿ ತಯಾರಿಸುತ್ತವೆ.

ಚಂದಾದಾರನು ಏಕೆ ಉಳಿಯುತ್ತಾನೆ?

ಕಥೆಯು ಗಿರಾಕಿಯನ್ನು ಅಂಗಡಿಯೊಳಗೆ ಕರೆತರುತ್ತದೆ. ಅವನನ್ನು ಖಾಯಂ ಗಿರಾಕಿಯನ್ನಾಗಿ ಮಾಡುವ ಕಾರಣಗಳು ಬೇರೆ ಇವೆ. ಮೊದಲನೆಯದು ಗಳಿಕೆ. ತಿಂಗಳುಗಟ್ಟಲೆ ಆಡಿ ಸಂಪಾದಿಸಿದ ಖಡ್ಗ, ಕುದುರೆ, ಪದವಿಗಳು ಆ ಜಗತ್ತಿನೊಳಗೆ ಮಾತ್ರ ಬೆಲೆಯುಳ್ಳವು. ಚಂದಾ ನಿಲ್ಲಿಸಿದರೆ ಅವುಗಳಿಂದ ದೂರವಾಗಬೇಕಾಗುತ್ತದೆ. ಎರಡನೆಯದು ಸಂಘ. ಕಠಿಣ ಸಾಹಸಗಳನ್ನು ಒಬ್ಬನೇ ಪೂರೈಸಲಾಗದಂತೆ ಆಟವನ್ನು ರಚಿಸಲಾಗಿರುತ್ತದೆ. ಇಪ್ಪತ್ತು, ನಲವತ್ತು ಜನ ನಿಗದಿತ ವೇಳೆಗೆ ಕೂಡಬೇಕು; ಒಬ್ಬ ತಪ್ಪಿಸಿದರೆ ಉಳಿದವರ ಕೆಲಸ ಕೆಡುತ್ತದೆ. ನಮ್ಮ ದೊಡ್ಡಾಟದ ಮೇಳದಲ್ಲಿ ಒಬ್ಬ ಪಾತ್ರಧಾರಿ ಗೈರುಹಾಜರಾದರೆ ಆಗುವ ತೊಂದರೆಯಂತೆಯೇ ಇದು. ಮೂರನೆಯದು ಮುಂದಿನ ಅಧ್ಯಾಯದ ನಿರೀಕ್ಷೆ.

ಮೇಲೆ ಹೇಳಿದ ಬಾರ್ಟಲ್ ಅವರು 1996ರ ಪ್ರಬಂಧವೊಂದರಲ್ಲಿ ಆಟಗಾರರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದರು: ಸಾಧನೆ ಬಯಸುವವರು, ಹೊಸದನ್ನು ಹುಡುಕುವವರು, ಸ್ನೇಹ ಬಯಸುವವರು, ಇತರರನ್ನು ಸೋಲಿಸಿ ಸಂತೋಷಪಡುವವರು. ಒಂದು ವರ್ಗಕ್ಕೇ ಒತ್ತು ಕೊಟ್ಟರೆ ಉಳಿದವರು ಹೊರನಡೆಯುತ್ತಾರೆ. ಗಿರಾಕಿಗಳನ್ನು ಹೀಗೆ ವಿಂಗಡಿಸಿ ನೋಡುವುದು ಯಾವ ಅಂಗಡಿಗೂ ಉಪಯುಕ್ತ.

ಒಂದು ಸೋಲು, ಒಂದು ಚೇತರಿಕೆ

ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿ 2010ರ ಸೆಪ್ಟೆಂಬರ್ 30ರಂದು 'ಫೈನಲ್ ಫ್ಯಾಂಟಸಿ 14' ಎಂಬ ಚಂದಾ ಆಟವನ್ನು ಬಿಡುಗಡೆ ಮಾಡಿತು. ಹೆಸರು ದೊಡ್ಡದಿದ್ದರೂ ಸರಕು ಕಳಪೆಯಾಗಿತ್ತು. ಆಟಗಾರರು ಬಹಿರಂಗವಾಗಿ ದೂರಿದರು. ಕಂಪನಿಯು ತಪ್ಪನ್ನು ಮುಚ್ಚಿಡಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಕ್ಷಮೆ ಕೇಳಿ, ನಿರ್ಮಾಣದ ಹೊಣೆಯನ್ನು ನವೊಕಿ ಯೊಶಿದಾ ಅವರಿಗೆ ವಹಿಸಿ, ಸುಧಾರಣೆಯಾಗುವವರೆಗೆ ಚಂದಾ ವಸೂಲಿಯನ್ನು ತಡೆಹಿಡಿಯಿತು. ಒಂದು ಕಡೆ ಹಳೆಯ ಆಟವನ್ನು ತಿದ್ದುತ್ತ, ಇನ್ನೊಂದು ಕಡೆ ಹೊಸದನ್ನು ಮೂಲದಿಂದಲೇ ಕಟ್ಟಿತು.

2012ರ ನವೆಂಬರ್ 11ರಂದು ಹಳೆಯ ಆಟವನ್ನು ಮುಚ್ಚಿದ ರೀತಿ ವಿಶೇಷವಾದದ್ದು. ಕಥೆಯಲ್ಲಿ ಕೆಂಪು ಚಂದ್ರವೊಂದು ಭೂಮಿಗೆ ಬಿದ್ದು, ಅದರೊಳಗಿಂದ ಮಹಾಸರ್ಪವೊಂದು ಹೊರಬಂದು, ಲೋಕವನ್ನೇ ಸುಟ್ಟಿತು. 2013ರ ಆಗಸ್ಟ್ 27ರಂದು ಬಂದ ಹೊಸ ಆಟವು ಆ ಪ್ರಳಯದ ಐದು ವರ್ಷಗಳ ನಂತರದ ಕಾಲದಲ್ಲಿ ಆರಂಭವಾಯಿತು. ಹೀಗೆ ಕಂಪನಿಯ ಸೋಲು ಆಟದ ಪುರಾಣದ ಒಂದು ಪರ್ವವಾಯಿತು. ಹಳೆಯ ಚಂದಾದಾರರು ಪ್ರಳಯ ಕಂಡು ಬದುಕಿದವರೆಂಬ ಗೌರವಕ್ಕೆ ಪಾತ್ರರಾದರು. ಇಂದು ಅದು ಜಗತ್ತಿನ ಯಶಸ್ವಿ ಚಂದಾ ಆಟಗಳಲ್ಲೊಂದಾಗಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಟೋಲ್ಕಿನ್‌ರ ಕಥೆಯನ್ನೇ ಆಧರಿಸಿ 2007ರಲ್ಲಿ ಚಂದಾ ಪದ್ಧತಿಯಲ್ಲಿ ಬಂದ ಆಟವು 2010ರಲ್ಲಿ ಉಚಿತ ಪ್ರವೇಶಕ್ಕೆ ಬದಲಾಗಬೇಕಾಯಿತು. ಎಷ್ಟೇ ಪ್ರಸಿದ್ಧ ಪುರಾಣವಿದ್ದರೂ, ಕೊಟ್ಟ ಹಣಕ್ಕೆ ತಕ್ಕ ಸೇವೆ ತಿಂಗಳು ತಿಂಗಳು ಸಿಗುತ್ತಿದೆಯೆಂದು ಗಿರಾಕಿಗೆ ಅನ್ನಿಸದಿದ್ದರೆ ಚಂದಾ ನಿಲ್ಲುವುದಿಲ್ಲ.

ಚಂದಾ ಬೇರೆ, ಪಣ ಬೇರೆ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಹಣ ಗೆಲ್ಲುವ ಆಸೆಯಿಂದ ಹಣ ಹೂಡಿ ಆಡುವ ಆನ್‌ಲೈನ್ ಆಟಗಳಿಂದ ಅನೇಕ ಕುಟುಂಬಗಳು ಸಾಲಕ್ಕೆ ಸಿಲುಕಿರುವುದು ಎಲ್ಲರಿಗೂ ತಿಳಿದ ಸಂಗತಿ. ಇಂತಹ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು; 2022ರ ಫೆಬ್ರುವರಿ 14ರಂದು ರಾಜ್ಯದ ಉಚ್ಚ ನ್ಯಾಯಾಲಯವು ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ಬಳಿಕ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯಿದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದನ್ನು ಪ್ರಶ್ನಿಸಿದ ಅರ್ಜಿಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿವೆ.

ಈ ಕಾಯಿದೆಯು ಮಾಡಿರುವ ವಿಂಗಡಣೆ ಗಮನಾರ್ಹ. ಹಣ ಗೆಲ್ಲುವ ನಿರೀಕ್ಷೆಯಿಂದ ಹಣ ಹೂಡುವ ಆಟವು, ಅದು ಕೌಶಲ್ಯದ್ದಾಗಲಿ ಅದೃಷ್ಟದ್ದಾಗಲಿ, ನಿಷಿದ್ಧ. ಅಂತಹ ಆಟ ಒದಗಿಸುವವರಿಗೆ 3 ವರ್ಷಗಳವರೆಗೆ ಸೆರೆವಾಸ, 1 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಜಾಹೀರಾತು ನೀಡುವವರಿಗೂ ಶಿಕ್ಷೆಯುಂಟು. ಆದರೆ ಮನರಂಜನೆಗಾಗಿ ಇರುವ, ಪಣವಿಲ್ಲದ ಆಟಕ್ಕೆ ಚಂದಾ ಅಥವಾ ಪ್ರವೇಶಧನ ಪಡೆಯಲು ಅಡ್ಡಿಯಿಲ್ಲ. ಚಂದಾ ಎಂಬುದು ನಾಟಕದ ಚೀಟಿಯ ಹಣದಂತೆ. ಪಣವೆಂಬುದು ಇಸ್ಪೀಟಿನ ಮೇಜಿನ ಮೇಲಿಟ್ಟ ಹಣದಂತೆ. ತೆರಿಗೆಯಲ್ಲಿಯೂ ಈ ಭೇದವಿದೆ: ಪಣದ ಆಟಗಳಿಗೆ 2023ರ ಅಕ್ಟೋಬರ್ 1ರಿಂದ ಹೂಡಿದ ಪೂರ್ಣ ಮೊತ್ತದ ಮೇಲೆ 28 ಶೇಕಡಾ ಜಿ.ಎಸ್.ಟಿ. ವಿಧಿಸಲಾಯಿತು, 2025ರ ಸೆಪ್ಟೆಂಬರ್ 22ರಿಂದ ಆ ದರ 40 ಶೇಕಡಾ ಆಯಿತು; ಸಾಮಾನ್ಯ ಆಟದ ಚಂದಾಕ್ಕೆ ದರ 18 ಶೇಕಡಾ.

ಹಾಗೆಂದು ಚಂದಾ ಆಟಗಳೆಲ್ಲ ನಿರಪಾಯಕಾರಿ ಎನ್ನಲಾಗದು. ಕೆಲವು ಆಟಗಳಲ್ಲಿ ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳನ್ನು ಪ್ರತ್ಯೇಕ ಹಣಕ್ಕೆ ಮಾರುತ್ತಾರೆ. ಬೆಲ್ಜಿಯಂ ದೇಶವು 2018ರಲ್ಲಿ ಇವನ್ನು ಜೂಜೆಂದೇ ಪರಿಗಣಿಸಿತು. ಹಣಕ್ಕಿಂತ ಹೆಚ್ಚಾಗಿ ಖರ್ಚಾಗುವುದು ಸಮಯ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ಪಟ್ಟಿಯಲ್ಲಿ ಸೇರಿಸಿದ್ದು, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂತಹವರಿಗಾಗಿಯೇ 2014ರಲ್ಲಿ 'ಶಟ್' ಹೆಸರಿನ ಚಿಕಿತ್ಸಾಲಯವನ್ನು ತೆರೆಯಿತು.

ಕರ್ನಾಟಕದ ಪಾಲು ಮತ್ತು ನಮ್ಮ ಜಿಲ್ಲೆ

ಈ ಉದ್ಯಮದಲ್ಲಿ ನಮ್ಮ ರಾಜ್ಯ ಹಿಂದುಳಿದಿಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಆಟ ತಯಾರಿಕಾ ಕಂಪನಿಗಳಲ್ಲೊಂದು. ವಿದೇಶಿ ಆಟಗಳಿಗೆ ಚಿತ್ರ ರಚಿಸಿಕೊಡುವ ಗುತ್ತಿಗೆ ಕೆಲಸದಿಂದ ಹೆಸರು ಮಾಡಿದ ಅದನ್ನು 2019ರಲ್ಲಿ ಅಮೆರಿಕೆಯ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಆನಿಮೇಷನ್ ಮತ್ತು ಆಟಗಳ ಉದ್ಯಮಕ್ಕೆ 2012ರಲ್ಲಿ ಪ್ರತ್ಯೇಕ ನೀತಿ ರೂಪಿಸಿದ ಕರ್ನಾಟಕ, 2024ರಿಂದ 2029ರ ಅವಧಿಗೆ ಮೂರನೆಯ ನೀತಿಯನ್ನು ಪ್ರಕಟಿಸಿದೆ. ಆದರೆ ಧ್ರುವ ಮಾಡಿದ್ದು ಬಹುಮಟ್ಟಿಗೆ ಪರರ ಕಥೆಗೆ ಚಿತ್ರ ಬರೆಯುವ ಕೆಲಸ. ಕಥೆಯ ಒಡೆತನವೂ ಅದರ ಖಾಯಂ ಆದಾಯವೂ ಹೊರಗೇ ಉಳಿದವು. ತಿಕೋಟಾ ಭಾಗದ ಒಣದ್ರಾಕ್ಷಿಯು ಬೇರೆಯವರ ಹೆಸರಿನ ಪೊಟ್ಟಣದಲ್ಲಿ ಮಾರಾಟವಾದರೆ ಬೆಳೆಗಾರನಿಗೆ ದಕ್ಕುವುದು ಮಾಲಿನ ದರ ಮಾತ್ರ. ಹೆಸರಿನ ಬೆಲೆ ಪೊಟ್ಟಣದವನಿಗೆ. ಆದಿಲ್‌ಶಾಹಿ ಕಾಲದ ಐತಿಹ್ಯಗಳ ಗಣಿಯ ಮೇಲೆ ಕುಳಿತಿರುವ ನಮ್ಮ ನಗರದ ಯುವಕರು ಇದನ್ನು ಆಲೋಚಿಸುವುದು ಒಳಿತು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಮನೆಯಲ್ಲಿ ಚಂದಾ ಕಡಿತವಾಗುತ್ತಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ, "ಇದರಲ್ಲಿ ಹಣ ಗೆಲ್ಲಬಹುದೇ?" ಎಂಬುದು. ಹೌದೆಂದಾದರೆ ಅದು ಚಂದಾ ಅಲ್ಲ, ಪಣ.

2. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್‌ನಿಂದ ಕಾರ್ಡುಗಳ ತಾನಾಗಿ ಆಗುವ ಕಡಿತಕ್ಕೆ 24 ಗಂಟೆ ಮೊದಲೇ ಸೂಚನೆ ಬರಬೇಕು. ಆ ಸೂಚನೆಯನ್ನು ಓದಿ, ಬೇಡವಾದುದನ್ನು ರದ್ದುಪಡಿಸಬಹುದು. ವ್ಯಾಪಾರದ ಖಾತೆಯ ಕಾರ್ಡನ್ನು ಇಂತಹ ಬಾಬತ್ತುಗಳಿಗೆ ಬಳಸದಿರುವುದು ಉತ್ತಮ.

3. ಚಂದಾದ ಮೊತ್ತದ ಜೊತೆಗೆ ಆಟದ ಗಂಟೆಗಳನ್ನೂ ಲೆಕ್ಕ ಹಿಡಿಯಬೇಕು.

4. ಬಬಲೇಶ್ವರದಲ್ಲಿ ಪಂಪುಸೆಟ್ ದುರಸ್ತಿ ಮಾಡುವವರಾಗಲಿ, ನಗರದಲ್ಲಿ ನೀರು ಶುದ್ಧೀಕರಣ ಯಂತ್ರ ಮಾರುವವರಾಗಲಿ, ವಾರ್ಷಿಕ ನಿರ್ವಹಣೆಯ ಚಂದಾ ಪಡೆಯುವ ಮುನ್ನ ಪ್ರತಿ ತಿಂಗಳು ಏನು ಕೊಡುತ್ತೇವೆಂಬುದನ್ನು ಬರೆದು ತಿಳಿಸಬೇಕು. ಹಣ ಪಡೆದು ಮರೆತರೆ ಗಿರಾಕಿಯೂ ಮರುವರ್ಷ ಮರೆಯುತ್ತಾನೆ.

5. ಸೇವೆಯಲ್ಲಿ ಲೋಪವಾದಾಗ ವಸೂಲಿ ನಿಲ್ಲಿಸಿ ಸರಿಪಡಿಸುವುದರಿಂದ ಆಗುವ ತಾತ್ಕಾಲಿಕ ನಷ್ಟಕ್ಕಿಂತ ಉಳಿಯುವ ವಿಶ್ವಾಸ ದೊಡ್ಡದು.

ಆಯಗಾರನು ಸುಗ್ಗಿಯ ಕಣಕ್ಕೆ ಧೈರ್ಯದಿಂದ ಬರುತ್ತಿದ್ದುದು ವರ್ಷವಿಡೀ ಮಾಡಿದ ಕೆಲಸದ ಬಲದಿಂದ. ಕಲ್ಪನಾಲೋಕವನ್ನು ಮಾರುವ ಕಂಪನಿಗಳಿಗೂ ಈ ನಿಯಮದಿಂದ ವಿನಾಯಿತಿ ದೊರೆತಿಲ್ಲ.