ನಿಧಾನದಿಂದ ವೇಗವನ್ನು ಹಿಡಿಯುವ ಯಂತ್ರ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂದು ನಮ್ಮ ಹಿರಿಯರು ಹೇಳುತ್ತಾರೆ. ಈ ಮಾತಿನ ಅರ್ಥ ನನಗೆ ಮೊದಲು ಮನದಟ್ಟಾದದ್ದು ತರಗತಿಯಲ್ಲಲ್ಲ, ಅಫಜಲಪುರದ ಒಂದು ಹಿಟ್ಟಿನ ಗಿರಣಿಯಲ್ಲಿ. ರಜೆಯ ದಿನಗಳಲ್ಲಿ ಒಂದು ಸಂಜೆ ಜೋಳ ಬೀಸಿಸಿಕೊಂಡು ಬರಲು ಹೋಗಿದ್ದೆ. ಗಿರಣಿಯಲ್ಲಿ ಹಳೆಯ ಟ್ಯೂಬ್‌ಲೈಟೊಂದು ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಮೋಟಾರಿನ ನಾಲ್ಕು ಅರೆಗಳ ಗಾಲಿ ಬಲು ಸಾವಕಾಶವಾಗಿ, ಅದೂ ಹಿಮ್ಮುಖವಾಗಿ ತಿರುಗುತ್ತಿರುವಂತೆ ಕಂಡಿತು. ಏನೋ ಕೆಟ್ಟಿರಬೇಕೆಂದು ಕೈಚಾಚಿದೆ. ಗಿರಣಿಯ ಕಾಕಾ ಹಾರಿ ಬಂದು ನನ್ನ ರಟ್ಟೆ ಹಿಡಿದರು.

"ಏ ತಮ್ಮಾ, ಕೈ ತಗಿ! ಗಾಲಿ ಮೆಲ್ಲಕ ತಿರಗತದಂತ ತಿಳ್ಕೋಬ್ಯಾಡ. ಖರೇ ಅಲ್ಲ ಅದು, ಕಣ್ಣಿಗಿ ಹಂಗ ಕಾಣ್ತದ!"

ಆಗಿದ್ದುದು ಇಷ್ಟೆ. ನಮ್ಮ ವಿದ್ಯುತ್ತಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಮೋಟಾರು ನಿಮಿಷಕ್ಕೆ 1440, ಎಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳೋಣ. ಎರಡು ಮಿನುಗುಗಳ ನಡುವೆ ಗಾಲಿ ಕಾಲು ಸುತ್ತಿಗಿಂತ ಒಂದಿಷ್ಟೇ ಕಡಿಮೆ ತಿರುಗಿರುತ್ತದೆ. ಪ್ರತಿ ಮಿನುಗಿನಲ್ಲೂ ಒಂದು ಅರೆಯ ಸ್ಥಾನಕ್ಕೆ ಅದರ ಹಿಂದಿನ ಅರೆ ಬಂದಿರುತ್ತದೆ, ಆದರೆ ಕೂದಲೆಳೆಯಷ್ಟು ಹಿಂದೆ. ಕಣ್ಣು ಇವೆಲ್ಲವನ್ನೂ ಹೊಲಿದು, ಸೆಕೆಂಡಿಗೆ ಒಂದೇ ಸುತ್ತು ಹಿಂದಕ್ಕೆ ತಿರುಗುವ ಗಾಲಿಯನ್ನು ಕಟ್ಟಿಕೊಡುತ್ತದೆ. ಅಂದು ನನ್ನ ಕೈಯನ್ನು ಬಲಿ ತೆಗೆದುಕೊಳ್ಳಲಿದ್ದ ಈ ಭ್ರಮೆಯನ್ನೇ ಪಳಗಿಸಿ ಎಂಜಿನಿಯರುಗಳು ಒಂದು ಅಮೂಲ್ಯವಾದ ಉಪಕರಣವನ್ನು ಮಾಡಿದ್ದಾರೆಂಬುದು ನನಗೆ ಆಮೇಲೆ ತಿಳಿಯಿತು. ಕಲಾವಿಭಾಗದ ವಿದ್ಯಾರ್ಥಿಯಾದ ನನಗೆ ಅರ್ಥವಾದಷ್ಟನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಸಿಲೋಸ್ಕೋಪು ಎಂಬುದು ವಿದ್ಯುತ್ತಿನ ಏರಿಳಿತವನ್ನು ಚಿತ್ರವಾಗಿ ತೋರಿಸುವ ಯಂತ್ರ. ಹಳೆಯ ಬಗೆಯ ಆಸಿಲೋಸ್ಕೋಪಿನ ಗಾಜಿನ ಬುರುಡೆಯೊಳಗೆ ಎಲೆಕ್ಟ್ರಾನುಗಳ ಕಿರಣವೊಂದು ಪರದೆಗೆ ತಾಗಿ ಬೆಳಕಿನ ಚುಕ್ಕೆಯನ್ನು ಮೂಡಿಸುತ್ತದೆ. ಕಾಲ ಕಳೆದಂತೆ ಚುಕ್ಕೆ ಎಡದಿಂದ ಬಲಕ್ಕೆ ಓಡುತ್ತದೆ. ವಿದ್ಯುತ್ತು ಏರಿದರೆ ಮೇಲಕ್ಕೆ, ಇಳಿದರೆ ಕೆಳಕ್ಕೆ ಸರಿಯುತ್ತದೆ. ಹೀಗೆ ಪರದೆಯ ಮೇಲೆ ಗೆರೆಯೊಂದು ಬರೆಯಲ್ಪಡುತ್ತದೆ. ವೈದ್ಯರು ನಾಡಿ ಹಿಡಿದು ನೋಡುವಂತೆ ಎಂಜಿನಿಯರು ಈ ಗೆರೆಯನ್ನು ನೋಡಿ ಯಂತ್ರದ ಆರೋಗ್ಯವನ್ನು ತಿಳಿಯುತ್ತಾನೆ.

ಅಮೆರಿಕದ ಆರೆಗಾನ್ ಪ್ರಾಂತದಲ್ಲಿ ಹೋವರ್ಡ್ ವೋಲಮ್ ಮತ್ತು ಜಾಕ್ ಮರ್ಡಾಕ್ ಎಂಬ ಮಿತ್ರರು 1946ರಲ್ಲಿ ಸ್ಥಾಪಿಸಿದ ಟೆಕ್ಟ್ರಾನಿಕ್ಸ್ ಸಂಸ್ಥೆ ಈ ಯಂತ್ರಗಳಿಗೆ ಹೆಸರುವಾಸಿಯಾಯಿತು. 1950ರ ದಶಕದಲ್ಲಿ ಈ ಸಂಸ್ಥೆ ಒಂದು ಜಾಣತನದ ಏರ್ಪಾಡು ಮಾಡಿತು. ಪರದೆಯಿರುವ ದೊಡ್ಡ ಪೆಟ್ಟಿಗೆ ಒಂದೇ. ಅದರ ಮುಂಭಾಗದ ಗೂಡಿನಲ್ಲಿ ಕೆಲಸಕ್ಕೆ ತಕ್ಕಂತೆ ಬೇರೆ ಬೇರೆ ಪ್ಲಗ್-ಇನ್ ಘಟಕಗಳನ್ನು ತೂರಿಸಬಹುದು. ನಮ್ಮ ರೈತನಿಗೆ ಎತ್ತು ಅವೇ, ನೊಗ ಅದೇ. ಉಳುವಾಗ ನೇಗಿಲು, ಹರಗುವಾಗ ಕುಂಟೆ, ಬಿತ್ತುವಾಗ ಕೂರಿಗೆ ಕಟ್ಟುವುದಿಲ್ಲವೆ? ಹಾಗೆಯೇ ಇದು.

ಆದರೆ ಎತ್ತಿನ ನಡಿಗೆಗೂ ಒಂದು ಮಿತಿಯುಂಟು. ಟೆಕ್ಟ್ರಾನಿಕ್ಸಿನ 545ಎ ಎಂಬ ಹೆಸರಾಂತ ಪೆಟ್ಟಿಗೆಯಲ್ಲಿ ಆ ಕಾಲದ ಒಳ್ಳೆಯ ಘಟಕವನ್ನು ಹಾಕಿದರೂ ಅದು ಸುಮಾರು 12 ನ್ಯಾನೋಸೆಕೆಂಡುಗಳಿಗಿಂತ ಬೇಗನೆ ಏರುವ ವಿದ್ಯುತ್ತನ್ನು ಸರಿಯಾಗಿ ತೋರಿಸಲಾರದು. ನ್ಯಾನೋಸೆಕೆಂಡೆಂದರೆ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲಿ ಬೆಳಕು ಸಹ 30 ಸೆಂಟಿಮೀಟರು ಮಾತ್ರ ಹೋಗಬಲ್ಲುದು. ಅತ್ತ ಹೊಸ ಟ್ರಾನ್ಸಿಸ್ಟರುಗಳು, ಗಣಕಯಂತ್ರಗಳು ಒಂದೆರಡು ನ್ಯಾನೋಸೆಕೆಂಡುಗಳ ಲೆಕ್ಕದಲ್ಲಿ ಕೆಲಸ ಮಾಡತೊಡಗಿದ್ದವು. ನಾಡಿಯ ವೇಗ ವೈದ್ಯನ ಬೆರಳನ್ನು ಮೀರಿತ್ತು. ಆಗ, 1960ರ ಸುಮಾರಿಗೆ, ಬಂದುದೇ ‘ಟೈಪ್ ಎನ್’ ಎಂಬ ಸ್ಯಾಂಪ್ಲಿಂಗ್ ಪ್ಲಗ್-ಇನ್. ಅದನ್ನು ಅದೇ ಹಳೆಯ ಪೆಟ್ಟಿಗೆಗೆ ತೂರಿಸಿದರೆ 0.6 ನ್ಯಾನೋಸೆಕೆಂಡಿನಲ್ಲಿ ಏರುವ ವಿದ್ಯುತ್ತೂ ಕಾಣತೊಡಗಿತು. ಒಮ್ಮೆಗೇ ಇಪ್ಪತ್ತು ಪಟ್ಟು! ಆ ಅವಧಿಯಲ್ಲಿ ಬೆಳಕು ಕ್ರಮಿಸುವ ದೂರ 18 ಸೆಂಟಿಮೀಟರು, ಹೆಚ್ಚುಕಡಿಮೆ ಈ ಸಂಚಿಕೆಯ ಒಂದು ಪುಟದ ಅಗಲದಷ್ಟು.

ಪೆಟ್ಟಿಗೆಯ ವೇಗ ಬದಲಾಗದೆ ಇದು ಸಾಧ್ಯವಾದದ್ದು ಹೇಗೆ? ಜೇವರ್ಗಿಯಿಂದ ಬರುವ ಮಿತ್ರರಿಗೆ ಪರಿಚಿತವಾದ ಉದಾಹರಣೆಯಿಂದ ಹೇಳುತ್ತೇನೆ. ಜೇವರ್ಗಿಯಿಂದ ಕಲಬುರಗಿಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ನಮ್ಮಲ್ಲೊಬ್ಬ ನಿದ್ರಾಳು ವಿದ್ಯಾರ್ಥಿ ಪ್ರತಿ ಪ್ರಯಾಣದಲ್ಲೂ ಒಂದೇ ಒಂದು ಸಲ ಕಣ್ಣು ತೆರೆಯುತ್ತಾನೆನ್ನಿ. ಮೊದಲನೆಯ ದಿನ ಕಂಡಕ್ಟರನ ಸೀಟಿ ಕೇಳಿದ ಒಂದು ನಿಮಿಷಕ್ಕೆ, ಎರಡನೆಯ ದಿನ ಎರಡು ನಿಮಿಷಕ್ಕೆ, ಹೀಗೆ ದಿನಕ್ಕೊಂದು ನಿಮಿಷ ತಡಮಾಡುತ್ತ ಹೋಗುತ್ತಾನೆ. ಒಂದು ದಿನ ಅವನಿಗೆ ಕಟ್ಟಿಸಂಗಾವಿಯ ಭೀಮಾ ಸೇತುವೆ ಕಾಣುತ್ತದೆ, ಇನ್ನೊಂದು ದಿನ ತೊಗರಿಯ ಹೊಲ. ಅರವತ್ತು ದಿನಗಳಾದ ಮೇಲೆ ಆ ಅರವತ್ತು ನೋಟಗಳನ್ನು ಸಾಲಾಗಿ ಜೋಡಿಸಿದರೆ ಇಡೀ ಹಾದಿಯ ಚಿತ್ರ ಸಿದ್ಧ. ನಿದ್ರಾಳುವೇ, ಆದರೆ ಲೆಕ್ಕ ತಪ್ಪದವನು!

ಸ್ಯಾಂಪ್ಲಿಂಗ್ ಘಟಕವು ಈ ವಿದ್ಯಾರ್ಥಿಯಂತೆ. ಅದರೊಳಗೆ ಡಯೋಡುಗಳಿಂದಾದ ಪುಟ್ಟ ಬಾಗಿಲೊಂದಿದೆ. ಒಂದು ಚೂಪಾದ ವಿದ್ಯುತ್‌ಸ್ಪಂದನ ಬಂದು ಅದನ್ನು ನ್ಯಾನೋಸೆಕೆಂಡಿಗಿಂತ ಕಡಿಮೆ ಕಾಲ ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ಒಳಗೆ ಬಂದ ವಿದ್ಯುತ್ತಿನ ತೊಟ್ಟು ಒಂದು ಕೆಪ್ಯಾಸಿಟರಿನಲ್ಲಿ ಶೇಖರವಾಗುತ್ತದೆ. ಮುಂದೆ ಆತುರವಿಲ್ಲ, ಅದನ್ನು ನಿಧಾನವಾಗಿ ಹಿಗ್ಗಿಸಿ ಪರದೆಯ ಮೇಲೆ ಒಂದು ಚುಕ್ಕೆ ಇಡಲು ಹಳೆಯ ಪೆಟ್ಟಿಗೆಗೆ ಬೇಕಾದಷ್ಟು ಸಮಯವುಂಟು. ಅಲೆ ಮತ್ತೆ ಬಂದಾಗ ಬಾಗಿಲು ಕೊಂಚ ತಡವಾಗಿ ತೆರೆಯುತ್ತದೆ, ಚುಕ್ಕೆ ಕೊಂಚ ಬಲಕ್ಕೆ ಸರಿಯುತ್ತದೆ. ಲೆಕ್ಕ ಹಾಕಿ ನೋಡೋಣ. ಅಲೆಯು ಸೆಕೆಂಡಿಗೆ ಒಂದು ಲಕ್ಷ ಸಲ ಬರುತ್ತದೆ, ಪ್ರತಿ ಸಲ 0.1 ನ್ಯಾನೋಸೆಕೆಂಡು ತಡಮಾಡುತ್ತೇವೆ ಎಂದುಕೊಂಡರೆ, 100 ಚುಕ್ಕೆಗಳಲ್ಲಿ ಅಲೆಯ 10 ನ್ಯಾನೋಸೆಕೆಂಡುಗಳ ಚಿತ್ರ ಪೂರ್ಣವಾಗುತ್ತದೆ. ಅದಕ್ಕೆ ಹಿಡಿದ ಕಾಲ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು. ಎಂದರೆ ಕಾಲವನ್ನೇ ಲಕ್ಷ ಪಟ್ಟು ಹಿಗ್ಗಿಸಿದಂತಾಯಿತು!

ಕಂಡಕ್ಟರನ ಸೀಟಿಗೆ ಇಲ್ಲಿ ಟ್ರಿಗರ್ ಎಂದು ಹೆಸರು. ಸೀಟಿ ಕೇಳಿ ಎಚ್ಚರಗೊಳ್ಳಲು ಯಂತ್ರಕ್ಕೂ ಹತ್ತಾರು ನ್ಯಾನೋಸೆಕೆಂಡು ಬೇಕು. ಅಷ್ಟರಲ್ಲಿ ಅಲೆ ದಾಟಿ ಹೋದೀತು. ಆದುದರಿಂದ ಸೀಟಿಯನ್ನು ಮುಂಚಿತವಾಗಿ ಕೊಟ್ಟು, ಅಲೆಯನ್ನು ಉದ್ದನೆಯ ಕೇಬಲಿನಲ್ಲಿ ಸುತ್ತುಹಾಕಿಸಿ ತಡಮಾಡುತ್ತಿದ್ದರು. ಸಾಮಾನ್ಯ ಕೇಬಲಿನಲ್ಲಿ ಅಲೆ ನ್ಯಾನೋಸೆಕೆಂಡಿಗೆ ಸುಮಾರು 20 ಸೆಂಟಿಮೀಟರು ಹೋಗುತ್ತದೆ. 50 ನ್ಯಾನೋಸೆಕೆಂಡು ತಡಮಾಡಲು 10 ಮೀಟರು ಕೇಬಲು ಬೇಕಾಗುತ್ತದೆ.

ಈ ಉಪಾಯ ಒಬ್ಬರ ತಲೆಯಲ್ಲಿ ಒಂದೇ ದಿನ ಹೊಳೆದದ್ದಲ್ಲ. ಫ್ರಾನ್ಸಿನ ಜೂಲ್ ಜೂಬೇರ್ ಎಂಬಾತ 1880ರಲ್ಲಿಯೇ, ತಿರುಗುವ ವಿದ್ಯುಜ್ಜನಕದ ಅಚ್ಚಿಗೆ ಸುತ್ತಿಗೊಮ್ಮೆ ಮಾತ್ರ ತಾಗುವ ಸಂಪರ್ಕವೊಂದನ್ನಿಟ್ಟು, ಅದರ ಸ್ಥಾನವನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ, ಬಿಂದುಬಿಂದುವಾಗಿ ಅಲೆಯ ಆಕಾರವನ್ನು ಕಂಡುಕೊಂಡ. ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯ ಯಾನ್ಸೆನ್ 1950ರಲ್ಲಿ ಪ್ರಾಯೋಗಿಕ ಆಸಿಲೋಸ್ಕೋಪೊಂದನ್ನು ಇದೇ ತತ್ವದ ಮೇಲೆ ವಿವರಿಸಿದ. 1960ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯೂ 185ಎ ಎಂಬ ತನ್ನ ಸ್ಯಾಂಪ್ಲಿಂಗ್ ಆಸಿಲೋಸ್ಕೋಪನ್ನು ಲೋಕದ ಮುಂದಿಟ್ಟಿತು. ಇಂದು ಅಲೆಯನ್ನು ಒಂದೇ ಸಲಕ್ಕೆ ನೂರಾರು ಕೋಟಿ ತುಣುಕುಗಳಲ್ಲಿ ಹಿಡಿಯುವ ಡಿಜಿಟಲ್ ಯಂತ್ರಗಳು ಬಂದಿವೆ. ಆದರೂ ಬೆಳಕಿನ ತಂತುಗಳಲ್ಲಿ ಹರಿಯುವ ಅತಿವೇಗದ ಸಂದೇಶಗಳ ಪರೀಕ್ಷೆಗೆ ಈ ಹಳೆಯ ತತ್ವ ಈಗಲೂ ಬಳಕೆಯಲ್ಲಿದೆ.

ಇನ್ನು ಇದರ ಮಿತಿ. ನಮ್ಮ ನಿದ್ರಾಳು ಮಿತ್ರ ಕಟ್ಟಿದ ಚಿತ್ರ ನಿಜವಾಗಬೇಕಾದರೆ ಬಸ್ಸು ಪ್ರತಿದಿನ ಅದೇ ಹಾದಿಯಲ್ಲಿ, ಅದೇ ವೇಗದಲ್ಲಿ ಹೋಗಬೇಕು. ಒಂದು ದಿನ ಮಾತ್ರ ಭೀಮೆಗೆ ಮಹಾಪೂರ ಬಂದು, ಆ ದಿನ ಅವನು ಸೇತುವೆಯ ಮೇಲೆ ಕಣ್ಣು ಮುಚ್ಚಿದ್ದರೆ, ಅವನ ಚಿತ್ರದಲ್ಲಿ ಪೂರವೇ ಇರುವುದಿಲ್ಲ. ಸ್ಯಾಂಪ್ಲಿಂಗ್ ಯಂತ್ರವೂ ಹಾಗೆಯೇ. ಮರುಕಳಿಸುವುದನ್ನು ಮಾತ್ರ ಅದು ಬಲ್ಲುದು, ಒಮ್ಮೆ ನಡೆದು ಹೋದದ್ದನ್ನು ಅರಿಯದು. ಚುಕ್ಕೆಗಳು ತೀರ ವಿರಳವಾದರೆ ಇಲ್ಲದ ಆಕಾರವನ್ನೇ ತೋರಿಸಿ ಮೋಸಗೊಳಿಸುವುದೂ ಉಂಟು.

ಈ ಎಚ್ಚರ ಕಲಾವಿದ್ಯಾರ್ಥಿಗಳಾದ ನಮಗೂ ಬೇಕೆಂದು ನನ್ನ ನಂಬಿಕೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು. ಏಕೆಂದರೆ ಒಂದೇ ಪಾತ್ರೆಯ ಅಗುಳುಗಳೆಲ್ಲ ಒಂದೇ ಬೆಂಕಿಯಲ್ಲಿ ಬೆಂದಿರುತ್ತವೆ. ಆದರೆ ಆಳಂದದ ಪೇಟೆಯಲ್ಲಿ ಒಂದು ಚೀಲದ ತೊಗರಿಯನ್ನು ಹಿಡಿ ತೆಗೆದು ನೋಡಿದ ವ್ಯಾಪಾರಿ ನೂರು ಚೀಲಗಳಿಗೂ ಅದೇ ಬೆಲೆ ಕಟ್ಟಿದರೆ, ಲಾಭವೋ ನಷ್ಟವೋ ಚೀಲಗಳ ಬಾಯಿ ಬಿಚ್ಚಿದ ಮೇಲೆಯೇ ತಿಳಿಯಬೇಕು. ಹತ್ತು ಮನೆಗಳನ್ನು ಕೇಳಿ ಊರಿನ ಬಡತನವನ್ನು ಅಳೆಯುವ ಅರ್ಥಶಾಸ್ತ್ರಜ್ಞನೂ, ನಾಲ್ಕು ಶಾಸನಗಳನ್ನು ಓದಿ ಒಂದು ಶತಮಾನವನ್ನು ಬರೆಯುವ ಇತಿಹಾಸಕಾರನೂ ಇದೇ ಕೆಲಸ ಮಾಡುತ್ತಾರೆ. ಟೈಪ್ ಎನ್ ಘಟಕವನ್ನು ರೂಪಿಸಿದವರಿಗೆ ತಮ್ಮ ಚಿತ್ರ ಚುಕ್ಕೆಗಳಿಂದಾದದ್ದು, ಆ ಚುಕ್ಕೆಗಳ ನಡುವೆ ತಾವು ನೋಡದೆ ಬಿಟ್ಟ ಕ್ಷಣಗಳಿವೆ ಎಂಬ ಅರಿವಿತ್ತು. ಗಿರಣಿಯ ಕಾಕಾ ಆಸಿಲೋಸ್ಕೋಪನ್ನು ಕಂಡವರಲ್ಲ. ಆದರೂ ಆ ಅರಿವು ಅವರಲ್ಲಿಯೂ ಇತ್ತು. ನನ್ನ ಬಲಗೈ ಇಂದು ಈ ಲೇಖನವನ್ನು ಬರೆಯಲು ಉಳಿದಿರುವುದು ಅದರಿಂದಲೇ.