ಗಂಜೀಫಾ ಗೋಡೆಯಿಂದ ಇಳಿಯಲಿ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಮನೆಮಂದಿ ಸುತ್ತ ಕೂತು ಇಸ್ಪೀಟು ಆಡುವಾಗ ಬಾಯಿಗೆ ಬರುವ ಗುಲಾಮ, ಬಾದಷಾ ಎಂಬ ಮಾತುಗಳು ಪಾರಸಿ ಆಸ್ಥಾನಗಳ ನುಡಿಯವು. ಗುಲಾಮ್ ಎಂಬುದು ಮೊಗಲ್ ಗಂಜೀಫಾ ಎಂಬ ಹಳೆಯ ಎಲೆಯಾಟದ ಎಂಟು ಬಣ್ಣಗಳಲ್ಲಿ ಒಂದರ ಹೆಸರೂ ಹೌದು. ಬಣ್ಣಕ್ಕೆ 12ರಂತೆ 96 ದುಂಡನೆಯ ಎಲೆಗಳ ಆ ಕಟ್ಟನ್ನು ಹಿಂದೂ ಮನೆಗಳು ದಶಾವತಾರಕ್ಕೆ ಒಗ್ಗಿಸಿಕೊಂಡು 120 ಎಲೆ ಮಾಡಿಕೊಂಡವು. ಚಿತ್ರ ಬದಲಾಯಿತು, ಆಟದ ಕಟ್ಟಳೆ ಹೆಚ್ಚುಕಡಿಮೆ ಹಾಗೇ ಉಳಿಯಿತು. ಆಳಂದದ ಲಾಡ್ಲೆ ಮಶಾಕ್ ದರ್ಗಾ, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತ ಕ್ಷೇತ್ರ ಎರಡಕ್ಕೂ ನಡೆದುಕೊಳ್ಳುವ ಸೀಮೆಗೆ ಇಂಥ ಆಟ ಹೊರಗಿನದಾಗಲಾರದು. ಗಂಜೀಫಾ ಎಂದರೆ ಮೈಸೂರಿನ ಚಿತ್ರಕಲೆ ಎಂದಷ್ಟೇ ತಿಳಿದು ಕಲಬುರಗಿ ಜಿಲ್ಲೆ ದೂರ ನಿಲ್ಲಬೇಕಿಲ್ಲ.

ಮೈಸೂರಿನ ಹೆಸರು ದೊಡ್ಡದು, ನಿಜ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ 13 ಬಗೆಯ ಛದಗಳನ್ನು, ಎಂದರೆ ಎಲೆಕಟ್ಟುಗಳನ್ನು, ವಿವರಿಸಿದ್ದಾರೆ. ಚಿಕ್ಕದಕ್ಕೆ 36 ಎಲೆ, ದೊಡ್ಡದಕ್ಕೆ 360. ಆ ಎಲೆಗಳನ್ನು ನಮ್ಮ ಕಾಲದಲ್ಲಿ ಮತ್ತೆ ಬರೆದು ಜನರ ಮುಂದಿಟ್ಟ ಕಲಾವಿದ ಗಂಜೀಫಾ ರಘುಪತಿ ಭಟ್ಟರ ಋಣ ಕನ್ನಡಿಗರ ಮೇಲಿದೆ. ಭೌಗೋಳಿಕ ಸೂಚಕದ ಮಾನ್ಯತೆಯೂ ಮೈಸೂರು ಗಂಜೀಫಾಕ್ಕೆ ಸಿಕ್ಕಿದೆ. ಆದರೆ ಮಾನ್ಯತೆಯಿಂದ ಉಳಿಯುವುದು ಚಿತ್ರ. ಆಟ ಉಳಿಯಬೇಕಾದರೆ ಯಾರಾದರೂ ಎಲೆ ಹಂಚಲೇಬೇಕು.

ದಶಾವತಾರದ ಕಟ್ಟನ್ನು ಹಂಚಿದರೆ ಏನಾಗುತ್ತದೆ ನೋಡಿ. ಮೂವರು ಕೂತರೆ ತಲೆಗೆ 40 ಎಲೆ. ಪ್ರತಿ ಅವತಾರಕ್ಕೂ ಒಬ್ಬ ರಾಜ, ಒಬ್ಬ ಪ್ರಧಾನ, ಆಮೇಲೆ ಒಂದರಿಂದ ಹತ್ತು. ಐದು ಅವತಾರಗಳಲ್ಲಿ ಹತ್ತು ಹಿರಿದು, ಒಂದು ಕಿರಿದು. ಇನ್ನೈದರಲ್ಲಿ ಒಂದೇ ಹಿರಿದು, ಹತ್ತು ಕಿರಿದು. ತುರುಫಿಲ್ಲ. ಹಗಲಾದರೆ ರಾಮ ಇದ್ದವರು, ರಾತ್ರಿಯಾದರೆ ಕೃಷ್ಣ ಇದ್ದವರು ಮೊದಲು ಇಳಿಯುತ್ತಾರೆ. ಬಿದ್ದ ಎಲೆಯನ್ನು ನೆನಪಿಟ್ಟವರಿಗೆ ಮಾತ್ರ ತಮ್ಮ ಕೈಯಲ್ಲಿರುವ ಏಳು ಈಗ ದೊರೆಯಾಗಿದೆಯೆಂದು ಗೊತ್ತಾಗುತ್ತದೆ. ಅಜ್ಜಿ ಮೊಮ್ಮಕ್ಕಳಿಗೆ ಸಮವಾಗಿ ಎದುರು ಕೂರಬಲ್ಲ ಆಟಗಳು ಮನೆಯಲ್ಲಿ ಎಷ್ಟಿವೆ? ಇಲ್ಲಿ ತೋಳಬಲ ಬೇಡ, ಓದು ಬರಹವೂ ಬೇಡ.

ಎಲೆ ಎಂದರೆ ಜೂಜು, ಮಕ್ಕಳ ಕೈಗೆ ಕೊಡಬಾರದು ಎನ್ನುವವರ ಅಂಜಿಕೆ ಸುಳ್ಳಲ್ಲ. ಇಸ್ಪೀಟಿನ ಅಡ್ಡೆಗಳಿಂದ ಹೊಲ ಕಳೆದುಕೊಂಡ ಮನೆಗಳ ನೋವನ್ನು ಹಗುರ ಮಾಡಲಾಗದು. ಆದರೆ ಮನೆ ಮುರಿಯುವುದು ಪಣ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಾಗ ಬಿದ್ದ ಎಲೆಗಳನ್ನು ನೆನಪಿಡಬೇಕಾದುದನ್ನೇ ಕಾರಣವಾಗಿ ಎತ್ತಿ ಹೇಳಿತ್ತು. ಗಂಜೀಫಾದಲ್ಲಿ ಆ ಹೊರೆ ಇನ್ನೂ ಹೆಚ್ಚು. ಪಣವಿಲ್ಲದೆಯೂ ರುಚಿಸುವ ಎಲೆಯಾಟವನ್ನು ಮನೆಯಲ್ಲೇ ಕಂಡ ಹುಡುಗನಿಗೆ ಅಡ್ಡೆಯ ಸೆಳೆತ ಕಡಿಮೆಯಾದೀತೆಂದೇ ನನ್ನ ಎಣಿಕೆ.

ಬೆಲೆಯ ಮಾತು ಇನ್ನೂ ಗಟ್ಟಿ. ಪದರ ಪದರವಾಗಿ ಅಂಟಿಸಿ, ಉಜ್ಜಿ ನುಣುಪು ಮಾಡಿ, ಕೂದಲೆಳೆಯ ಕುಂಚದಲ್ಲಿ ಬರೆದ 120 ಎಲೆ ಕೂಲಿಯ ಮನೆಗೆ ಎಟುಕದು. ಅಚ್ಚುಹಾಕಿದ ಅಗ್ಗದ ಕಟ್ಟು ಕಲಾವಿದನ ಅನ್ನ ಕಸಿಯುತ್ತದೆಂಬ ಆತಂಕವಿದೆ. ನನಗೆ ತೋರುವುದು ತಿರುಗುಮುರುಗು: ಆಡಿ ಬಲ್ಲವರೇ ಬರೆದ ಎಲೆಯ ಬೆಲೆ ಅರಿತು ಕೊಳ್ಳುತ್ತಾರೆ. ಈಗ ಕೊಂಡವರು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಗಾಜಿನ ಹಿಂದೆ ಆ ಎಲೆಗಳ ಅಂಚು ಎಷ್ಟು ವರ್ಷವಾದರೂ ಸವೆಯುವುದಿಲ್ಲ.