ಅಪ್ಪನ ಪದ್ಮಿನಿ ಆಗುಂಬೆ ಘಾಟಿ ಹತ್ತಿದಳು!

ಪದ್ಮಿನಿ!

ಈ ಹೆಸರು ಕೇಳಿದೊಡನೆ ನಿಮ್ಮ ತಾತನ ಮುಖ ಅರಳಿದರೆ ಅಚ್ಚರಿಯಿಲ್ಲ. ತಿರುವಾಂಕೂರು ಸೋದರಿಯರಲ್ಲಿ ಒಬ್ಬರಾದ ಆ ನೃತ್ಯತಾರೆಗೆ ಮನಸೋಲದವರು ಆ ಕಾಲದಲ್ಲಿ ಯಾರಿದ್ದರು? ಆದರೆ ಓದುಗ ಮಿತ್ರರೇ, ಇಲ್ಲಿ ಹೇಳಹೊರಟಿರುವುದು ಆ ತಾರೆಯ ಕಥೆಯಲ್ಲ. ಚಿತ್ತೋರಿನ ರಾಣಿಯ ಹೆಸರು ಹೊತ್ತ ನಾಲ್ಕು ಚಕ್ರದ ಪದ್ಮಿನಿಯ ಕಥೆ!

1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಹೊರತಂದ ಈ ಕಾರು, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. 1089 ಸಿ.ಸಿ. ಇಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ವರೆಗೆ ದುಡಿದು ಆಕೆ ಅಲ್ಲಿ ನಿವೃತ್ತಳಾದಳು. ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಆಗಿಲ್ಲ!

ನಮ್ಮಪ್ಪ ಸಿನಿಮಾದವರನ್ನು ಔಟ್‌ಡೋರಿಗೆ ಕರೆದೊಯ್ಯುತ್ತಿದ್ದ ಬಾಡಿಗೆ ಕಾರಿನ ಡ್ರೈವರ್. ಮಡಿಕೇರಿ, ಚಿತ್ರದುರ್ಗ, ಜೋಗ, ಆಗುಂಬೆ... ಅವರು ಕಾಣದ ಲೊಕೇಶನ್ ಇಲ್ಲ. ಪೈಸೆ ಪೈಸೆ ಕೂಡಿಟ್ಟು ಕೊನೆಗೆ ಕೊಂಡ ಸ್ವಂತ ಕಾರೇ ಈ ಪದ್ಮಿನಿ. ಈಗ ಅಪ್ಪನಿಗೆ ವಯಸ್ಸು ಎಪ್ಪತ್ತು ದಾಟಿದೆ, ಮಂಡಿ ನೋವು, ಕ್ಲಚ್ ತುಳಿಯಲಾಗದು. ಒಂದೇ ಆಸೆ: "ಇನ್ನೊಂದ್ಸಲ ಆಗುಂಬೆ ಘಾಟಿ ಇವಳಲ್ಲೇ ಹತ್ತಬೇಕು ಕಣೋ."

ಅಷ್ಟೇ ತಾನೇ? ಎಂದೆ. ಅಲ್ಲೇ ಎಡವಿದೆ!

ಕೆಂಪು ದೀಪ

ಕಾರು ತೊಳೆದು, ಪಾಲಿಶ್ ಹೊಡೆದು, ಪೆಟ್ರೋಲ್ ತುಂಬಿಸಿ ಏಪ್ರಿಲ್‌ನ ಒಂದು ಬೆಳಗ್ಗೆ ಬೆಂಗಳೂರು ಬಿಟ್ಟೆವು. ಬಾನೆಟ್ ಎತ್ತಿ ನೋಡುವ ತೊಂದರೆ ಯಾರು ತಗೊಳ್ತಾರೆ? ತುಮಕೂರು, ತಿಪಟೂರು, ಅರಸೀಕೆರೆ ದಾಟಿದೆವು. ಕಡೂರಿನ ಕಡೆ ಬಟಾಬಯಲಿನಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತಿತು. ಅಪ್ಪ ಹಿಂದಿನ ಸೀಟಿನಲ್ಲಿ ನಿದ್ದೆ. "ಬ್ಯಾಟರಿ ದೀಪ ತಾನೇ, ಊರು ಸಿಕ್ಕಾಗ ನೋಡಿದರಾಯ್ತು" ಎಂದುಕೊಂಡು ಆಕ್ಸಿಲರೇಟರ್ ಒತ್ತಿದೆ.

ಐದಾರು ಕಿಲೋಮೀಟರ್ ಅಷ್ಟೇ. ಬುಸ್ಸೆಂದು ಹಬೆ! ಇಂಜಿನ್ ಬಂದ್!

ಆಗಿದ್ದಿಷ್ಟು. ಫ್ಯಾನ್ ಬೆಲ್ಟ್ ಹರಿದಿತ್ತು. ಕರೆಂಟು ಹುಟ್ಟಿಸುವುದೂ ಆ ಬೆಲ್ಟೇ, ನೀರಿನ ಪಂಪ್ ತಿರುಗಿಸುವುದೂ ಆ ಬೆಲ್ಟೇ. ಚಾರ್ಜ್ ದೀಪ ಹತ್ತಿತೆಂದರೆ ಇಂಜಿನ್ನಿಗೆ ನೀರು ಓಡುವುದೂ ನಿಂತಿರಬಹುದು. ಅಲ್ಲೇ ನಿಲ್ಲಿಸಿದ್ದರೆ ಒಂದು ಬೆಲ್ಟಿನ ಖರ್ಚು. ಓಡಿಸಿದ್ದಕ್ಕೆ ಹೆಡ್ ಗ್ಯಾಸ್ಕೆಟ್ ಹೋಯಿತು. ಪದ್ಮಿನಿ ಲಾರಿ ಮೇಲೆ ಮನೆಗೆ ಬಂದಳು. ದಾರಿಯುದ್ದಕ್ಕೂ ಅಪ್ಪ ಬೈಯಲಿಲ್ಲ. ಮನೆಗೆ ಬಂದಮೇಲೆ ಒಂದೇ ಮಾತು: "ಅವಳು ಹೇಳಿದ್ಲಲ್ಲೋ... ನೀನು ಕೇಳಲಿಲ್ಲ."

ಬೈದಿದ್ದರೇ ಚೆನ್ನಾಗಿತ್ತು!

ಮೇಸ್ತ್ರಿಯ ಪಾಠ

ಅಪ್ಪನ ಹಳೇ ಸ್ನೇಹಿತರೊಬ್ಬರು ಗ್ಯಾರೇಜು ಮುಚ್ಚಿ ಮನೆಯಲ್ಲಿದ್ದಾರೆ. ಅವರ ಕಾಲು ಹಿಡಿದೆ. "ತಮ್ಮಾ, ಹಳೇ ಗಾಡಿ ಇದ್ದಕ್ಕಿದ್ದಂತೆ ಕೈಕೊಡಲ್ಲ. ಮೊದಲು ಸೂಚನೆ ಕೊಡುತ್ತೆ" ಎಂದು ಶುರುಮಾಡಿದರು. ಅವರಿಂದ ಕಲಿತದ್ದು ನಿಮಗೂ ಉಪಯೋಗಕ್ಕೆ ಬಂದೀತು.

ಮೊದಲು ನೀರು. ರೇಡಿಯೇಟರ್ ಒಳಗಿನ ತುಕ್ಕು, ಕೆಸರು ತೊಳೆಸಿ ಕೂಲೆಂಟ್ ತುಂಬಬೇಕು. ಹೋಸ್ ಪೈಪನ್ನು ಬೆರಳಿನಿಂದ ಹಿಸುಕಿ ನೋಡಿ. ಬಿರುಕು ಕಂಡರೆ, ಮೆತ್ತಗಾಗಿದ್ದರೆ ಬದಲಿಸಿ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಗ್ಗಬೇಕು. ಕುದಿಯುವಾಗ ರೇಡಿಯೇಟರ್ ಮುಚ್ಚಳ ತೆಗೆದೀರಿ ಜೋಕೆ! ಮುಖ ಸುಟ್ಟುಕೊಂಡವರು ಎಷ್ಟೋ ಮಂದಿ.

ಎರಡನೆಯದು ಬೆಂಕಿ. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಸವೆದರೆ ಗಾಡಿ ಏರಿನಲ್ಲಿ ಮುಗ್ಗರಿಸುತ್ತದೆ. ಪಾಯಿಂಟ್ ತೆರೆದು ನಿಲ್ಲುವ ಸಂದು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ. ಕಣ್ಣಂದಾಜು ಬೇಡ, ಗೇಜ್ ಇಟ್ಟೇ ಅಳೆಯಬೇಕು. ಪ್ಲಗ್ ಬಿಚ್ಚಿ ನೋಡಿ: ತುದಿ ಕಂದು ಬಣ್ಣವಿದ್ದರೆ ಇಂಜಿನ್ ಆರೋಗ್ಯ, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿ ಉರಿಯುತ್ತಿದೆ ಎಂದರ್ಥ.

ಮೂರನೆಯದು ಪೆಟ್ರೋಲ್. ಇಂದಿನ ಬಂಕುಗಳ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್. ಹಳೇ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಪೈಪುಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ಎಥನಾಲ್ ತಡೆಯುವಂಥ ಹೊಸ ರಬ್ಬರಿಗೆ ಬದಲಿಸಬೇಕು. ಸೋರುವ ಪೈಪು, ಬಿಸಿ ಇಂಜಿನ್ ಜೋಡಿಯಾದರೆ ಕ್ಲೈಮ್ಯಾಕ್ಸ್ ಏನೆಂದು ಹೇಳಬೇಕಾಗಿಲ್ಲ! ಉರಿಬಿಸಿಲಲ್ಲಿ ಪಂಪಿನೊಳಗೆ ಪೆಟ್ರೋಲ್ ಆವಿಯಾಗಿ ಗಾಡಿ ನಿಂತರೆ ಗಾಬರಿ ಬೇಡ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ನೆರಳಿನಲ್ಲಿ ಒಂದು ಟೀ ಕುಡಿದು ಬನ್ನಿ.

ನಾಲ್ಕನೆಯದು ಬ್ರೇಕು, ಟೈರು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಟೈರಿನ ಗೀರು ನೋಡಿದರೆ ಸಾಲದು, ವಯಸ್ಸನ್ನೂ ನೋಡಿ. ಪಕ್ಕದಲ್ಲಿ 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಾರು ಶೆಡ್ಡಿನಲ್ಲೇ ನಿಂತಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆ.

ಇನ್ನು ಡಿಕ್ಕಿಯಲ್ಲಿ: ಬೆಲ್ಟ್, ಹೋಸ್, ಪಾಯಿಂಟ್, ಕಂಡೆನ್ಸರ್, ರೋಟರ್, ಎರಡು ಪ್ಲಗ್, ಫ್ಯೂಸ್, ಬಲ್ಬು, ಟಾರ್ಚು, ಜಾಕಿ, ಗಾಳಿ ತುಂಬಿದ ಸ್ಟೆಪ್ನಿ, ಐದು ಲೀಟರ್ ನೀರು. ಮೊದಲು ಊರೊಳಗೇ ಓಡಿಸಿ, ಆಮೇಲೆ 100 ಕಿಲೋಮೀಟರ್ ಹೋಗಿ ಬನ್ನಿ. ಆ ಟ್ರಯಲ್ ಶೋ ಪಾಸಾದರೆ ಮಾತ್ರ ದೂರದೂರು!

ರಾತ್ರಿ ಬೇಡ

ಮೇಸ್ತ್ರಿ ಕಡೆಗೆ ಹೇಳಿದ್ದು: "ಹಳೇ ದೀಪ, ಹಳೇ ಬ್ರೇಕು. ಕತ್ತಲಾದ ಮೇಲೆ ಹೈವೇಯಲ್ಲಿ ಓಡಿಸಬೇಡ. ನಿದ್ದೆ ಬಂದರೆ ನಿಲ್ಲಿಸು."

ಅಪ್ಪ ಮೆಲ್ಲಗೆ ತಲೆಯಾಡಿಸಿದರು. 1990ರ ಸೆಪ್ಟೆಂಬರ್ 30 ಅವರು ಮರೆಯುವ ದಿನವಲ್ಲ. ದಾವಣಗೆರೆ ಬಳಿಯ ಆನಗೋಡಿನ ಹತ್ತಿರ ಕಾರು ಅಪಘಾತದಲ್ಲಿ ನಮ್ಮ ಶಂಕರಣ್ಣ ಹೋದ ದಿನ. ಇಡೀ ನಾಡು ಅತ್ತಿತು. 'ಆಟೋ ರಾಜ'ನ ಚಿತ್ರ ಇಂದಿಗೂ ಆಟೋಗಳ ಹಿಂದೆ ನಗುತ್ತಿದೆ. ರಸ್ತೆಗೆ ಹೀರೋ ಯಾರು, ಎಕ್ಸ್‌ಟ್ರಾ ಯಾರು ಎಂಬುದು ಗೊತ್ತಿಲ್ಲ ಮಿತ್ರರೇ.

ಮತ್ತೆ ಆಗುಂಬೆಗೆ

ಡಿಸೆಂಬರಿನಲ್ಲಿ ಎರಡನೇ ಸಲ ಹೊರಟೆವು. ಗಂಟೆಗೆ 60ರ ಹತ್ತಿರ ವೇಗ. ಎರಡು ಗಂಟೆಗೊಮ್ಮೆ ನಿಲ್ಲಿಸಿ ಆಯಿಲ್, ನೀರು, ಚಕ್ರದ ಬಿಸಿ ನೋಡುವುದು. ಕಡೂರಿನ ಆ ಬಯಲು ಬಂದಾಗ ನನ್ನ ಕಣ್ಣು ದೀಪದ ಮೇಲೇ! ಹತ್ತಲಿಲ್ಲ. ರಾತ್ರಿ ಶಿವಮೊಗ್ಗದಲ್ಲಿ ತಂಗಿ, ಮರುದಿನ ತೀರ್ಥಹಳ್ಳಿ ದಾರಿಯಲ್ಲಿ ಆಗುಂಬೆ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಚಿತ್ರಿಸಿದ ಊರಿನಲ್ಲಿ ಕಾಫಿ ಕುಡಿದೆವು.

ಆದರೆ ಅಪ್ಪನಿಗೆ ಬೇಕಿದ್ದದ್ದು ಘಾಟಿ. 14 ತಿರುವುಗಳನ್ನು ಸೋಮೇಶ್ವರದವರೆಗೆ ಇಳಿದು ಮತ್ತೆ ಹತ್ತಬೇಕು. "ಹತ್ತೋ ಗೇರಲ್ಲೇ ಇಳಿ. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳೀಬೇಡ, ಡ್ರಮ್ ಕಾದ್ರೆ ಹಿಡಿಯಲ್ಲ" ಎಂದರು ಪಕ್ಕದಲ್ಲಿ ಕೂತು. ಎರಡನೇ ಗೇರಿನಲ್ಲಿ ಇಳಿದೆವು. ಕೆಳಗೆ ಅರ್ಧ ಗಂಟೆ ವಿಶ್ರಾಂತಿ. ಹತ್ತುವಾಗ ಅಪ್ಪ ಮಾತಾಡಲಿಲ್ಲ. ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳುತ್ತಿದ್ದರು. ತಿರುವು ಬಂದಾಗ ಬೆರಳು ತೊಡೆಯ ಮೇಲೆ ತಾನಾಗಿ ಗೇರು ಬದಲಿಸುತ್ತಿತ್ತು!

ಮೇಲೆ ಸೂರ್ಯಾಸ್ತ ನೋಡಲು ಜನ ಸೇರಿದ್ದರು. ಅಪ್ಪ ಆ ಕಡೆ ತಿರುಗಲೇ ಇಲ್ಲ. ಬಾನೆಟ್ ಮೇಲೆ ಅಂಗೈ ಇಟ್ಟು ಬಿಸಿ ನೋಡಿದರು.

"ಕಾದಿಲ್ಲ ಕಣೋ" ಎಂದರು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬೇಕಿಲ್ಲ.

ನಿಮ್ಮ ಮನೆ ಶೆಡ್ಡಿನಲ್ಲೂ ಒಬ್ಬ ಹಳೇ ಹೀರೋಯಿನ್ ಇದ್ದಾಳೆಯೇ? ಪಾಲಿಶ್ ಆಮೇಲೆ ಹೊಡೆಯಿರಿ ಗುರುವೇ, ಮೊದಲು ಬಾನೆಟ್ ಎತ್ತಿ ಬೆಲ್ಟ್ ನೋಡಿ!